ಹಿಂದಿನ ಬೆಟ್ಟ ಮುಂದಕ್ಕೆ ಬಂದು ಕೂತಿದೆ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ. ಅಕ್ರಿಲಿಕ್‌ನಲ್ಲಿ ಒಂದು ನಿಸರ್ಗಚಿತ್ರ ಮಾಡ್ತಿದ್ದೀನಿ. ಮುಂದೆ ದಾರಿ, ಬೇಲಿ; ನಡುವೆ ಇಬ್ಬರು ನಡೆದು ಹೋಗ್ತಿದ್ದಾರೆ; ಹಿಂದೆ ಬೆಟ್ಟ. ದಾರಿಯ ಎರಡೂ ಅಂಚನ್ನ ಸ್ಕೇಲ್ ಇಟ್ಟು ಕ್ಷಿತಿಜದ ಒಂದೇ ಬಿಂದುವಿಗೆ ಸೇರಿಸಿದ್ದೀನಿ. ಆದರೂ ಬೆಟ್ಟ ಬೇಲಿಗೆ ಅಂಟಿಕೊಂಡಂತಿದೆ. ದೂರದ ಮನುಷ್ಯನನ್ನ ಚಿಕ್ಕದಾಗೇ ಬರೆದೆ. ಆದರೆ ಅವನು ಹತ್ತಿರದವನ ಪಕ್ಕ ನಿಂತ ಮಗುವಿನ ಹಾಗೆ ಕಾಣ್ತಾನೆ. ಮೂರು ಸಲ ತಿದ್ದಿದೆ, ಸರಿಹೋಗಲಿಲ್ಲ.

ಉತ್ತರ:
ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲು ಮನುಷ್ಯ. ಇಬ್ಬರ ಪಾದವೂ ಒಂದೇ ಮಟ್ಟದಲ್ಲಿದೆಯಾ ನೋಡಿ. ಸಮತಟ್ಟಾದ ನೆಲದಲ್ಲಿ ದೂರ ಹೋದಷ್ಟೂ ಪಾದ ಕ್ಷಿತಿಜ ರೇಖೆಯ ಕಡೆಗೆ ಏರಬೇಕು. ಕ್ಷಿತಿಜ ಅಂದರೆ ನಿಮ್ಮ ಕಣ್ಣಿನ ಮಟ್ಟ. ನೀವು ನಿಂತು ನೋಡ್ತಿದ್ದರೆ ನಿಮ್ಮಷ್ಟೇ ಎತ್ತರದವರ ಕಣ್ಣು, ಅವರು ಎಷ್ಟೇ ದೂರದಲ್ಲಿರಲಿ, ಆ ರೇಖೆಯ ಮೇಲೇ ಬರುತ್ತೆ. ಕೂತು ನೋಡುವಾಗ ರೇಖೆ ಹತ್ತಿರದವನ ಎದೆಯನ್ನ ದಾಟಿದರೆ ದೂರದವನ ಎದೆಯನ್ನೂ ದಾಟಬೇಕು. ಎತ್ತರದಿಂದ ನೋಡುವಾಗ ಎಲ್ಲರ ತಲೆಯೂ ರೇಖೆಯ ಕೆಳಗೆ ಉಳಿಯುತ್ತೆ. ಫ್ಲೆಮಿಶ್ ಚಿತ್ರಕಾರ ಬ್ರೂಗಲ್ 1565ರಲ್ಲಿ ಬರೆದ ಹಿಮದ ಬೇಟೆಗಾರರ ಚಿತ್ರ ತೆಗೆದು ನೋಡಿ: ಮುಂದಿನ ಮರದ ಕಾಂಡಗಳು ಹೆಚ್ಚುಕಮ್ಮಿ ಕಪ್ಪು, ಕೆಳಗೆ ಹೆಪ್ಪುಗಟ್ಟಿದ ಕೊಳದಲ್ಲಿ ಆಡೋರು ಇರುವೆಯಷ್ಟು.

ಆ ಕಪ್ಪೇ ನಿಮ್ಮ ಬೆಟ್ಟದ ಸಮಸ್ಯೆಗೂ ಉತ್ತರ. ಚಿತ್ರವನ್ನ ಫೋನಿನಲ್ಲಿ ತೆಗೆದು ಕಪ್ಪು-ಬಿಳುಪು ಮಾಡಿ. ಬೆಟ್ಟದ ನೆರಳು ಬೇಲಿಯ ನೆರಳಿನಷ್ಟೇ ಕಡುವಾಗಿದ್ದರೆ ರೇಖೆ ಎಷ್ಟು ಸರಿಯಿದ್ದರೂ ಬೆಟ್ಟ ಹಿಂದಕ್ಕೆ ಹೋಗಲ್ಲ. ನಡುವಿನ ಗಾಳಿ ನೀಲಿ ಬೆಳಕನ್ನ ಹೆಚ್ಚು ಚದುರಿಸಿ ದೂರದ ನೆರಳಿನ ಮೇಲೆ ಹರಡುತ್ತೆ. ಅದಕ್ಕೇ ದೂರದಲ್ಲಿ ಕಪ್ಪು ಉಳಿಯಲ್ಲ. ಬಿಳಿಗೆ ಚೂರು ಅಲ್ಟ್ರಾಮರೀನ್ (ಕಡು ನೀಲಿ), ಅದಕ್ಕಿಂತ ಕಡಿಮೆ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಸೇರಿಸಿ, ಒಣಗಿದ ಬೆಟ್ಟದ ಮೇಲೆ ತೆಳುವಾಗಿ ಎಳೆಯಿರಿ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಕಡುವಾಗುತ್ತೆ, ಹಾಗಾಗಿ ಒಂದು ಛಾಯೆ ತಿಳಿಯಾಗೇ ಕಲಸಿ. ಬೆಟ್ಟದ ಮೇಲೆ ಎಲೆ ಎಲೆಯಾಗಿ ಬರೆದಿದ್ದರೆ ಅದನ್ನೂ ಮುಚ್ಚಿ.

ಪ್ರಶ್ನೆ ಕೇಳಿದವರು:
ಪಾದಗಳು ನಿಜಕ್ಕೂ ಒಂದೇ ಗೆರೆಯಲ್ಲಿದ್ದವು! ಹಿಂದಿನವನನ್ನ ಒಂದು ಬೆರಳಗಲ ಮೇಲಕ್ಕೆ ಸರಿಸಿದೆ, ಆ ಕ್ಷಣವೇ ದೂರ ಹೋದ. ಬೆಟ್ಟಕ್ಕೂ ಬಣ್ಣ ಎಳೆದೆ, ಆದರೆ ಈಗ ಹಾಲು ಚೆಲ್ಲಿದಂತಾಗಿದೆ.

ಉತ್ತರ:
ಒಂದೇ ಸಮ ಎಳೆದಿದ್ದೀರಿ. ಮಂಜು, ದೂಳು ತಗ್ಗಿನಲ್ಲೇ ಜಾಸ್ತಿ. ಬೆಟ್ಟದ ಬುಡದಲ್ಲಿ ಬಣ್ಣವನ್ನ ಹಾಗೇ ಬಿಟ್ಟು, ತುದಿಯ ಹತ್ತಿರ ಹಸಿಯಿರುವಾಗಲೇ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒಣಗಿಬಿಟ್ಟಿದ್ದರೆ ತುದಿಗೆ ಮಾತ್ರ ಹಳೆಯ ಬಣ್ಣವನ್ನ ತೆಳುವಾಗಿ ಮತ್ತೆ ಕೊಡಿ.

ಇನ್ನೊಬ್ಬರು:
ಬೇಲಿಯ ಕಂಬಗಳ ನಡುವಿನ ಅಂತರ ಎಲ್ಲಾ ಕಡೆ ಒಂದೇ ಇಟ್ಟಿದ್ದೀರಾ? ಹಾಗಿದ್ದರೆ ಬೇಲಿ ಒಳಕ್ಕೆ ಹೋಗದೆ ಅಡ್ಡಕ್ಕೆ ಓಡುತ್ತೆ. ಅಂದಾಜು ಬೇಡ. ಮೊದಲ ಕಂಬದ ತುದಿಯಿಂದ ಎರಡನೇ ಕಂಬದ ನಟ್ಟನಡುವೆ ಹಾದುಹೋಗುವ ಗೆರೆ ಎಳೆಯಿರಿ. ಅದು ಕಂಬಗಳ ಬುಡದ ಗೆರೆಯನ್ನ ಮುಟ್ಟುವಲ್ಲಿ ಮೂರನೇ ಕಂಬ. ಎರಡನೆಯದರಿಂದ ಹೀಗೇ ಎಳೆದರೆ ನಾಲ್ಕನೆಯದು.

ಪ್ರಶ್ನೆ ಕೇಳಿದವರು:
ಹೌದು, ಒಂದೇ ಇಟ್ಟಿದ್ದೆ. ಮೂರು ಕಂಬ ಅಳಿಸಿ ಹೀಗೆ ಹಾಕಿದೆ. ಬೇಲಿ ಈಗ ದಾರಿಯ ಜೊತೆಗೇ ಒಳಕ್ಕೆ ಹೋಗ್ತಿದೆ. ಬೆಟ್ಟದ ತುದಿ ಒಣಗಲಿ ಅಂತ ಕಾಯ್ತಿದ್ದೀನಿ.