ಜಿಮ್ನಿಯಲ್ಲಿ ಸ್ಪಿತಿ, ಲೇಹ್, ಹಾನ್ಲೆ: ಮಾಡಿಫೈ ಮಾಡಿಸುವ ಮುಂಚೆ ತೂಕದ ಲೆಕ್ಕ ಹಾಕಿ

ಕೇಳಿದವರಿಗೆ ನಮಸ್ಕಾರ. ನಿಮ್ಮದು ಐದು ಬಾಗಿಲಿನ ಮಾರುತಿ ಜಿಮ್ನಿ, ಮ್ಯಾನುವಲ್. ನೀವು, ನಿಮ್ಮ ಮನೆಯವರು, ಹತ್ತು ವರ್ಷದ ಮಗಳು. ಮಳೆಗಾಲದಲ್ಲಿ ಬೆಂಗಳೂರು ಬಿಟ್ಟು ಹಿಮಾಚಲದ ಕಿನ್ನೌರ್, ಸ್ಪಿತಿ, ಕುಂಜುಮ್ ಲಾ ಎಂಬ ಎತ್ತರದ ಬೆಟ್ಟದಾರಿ ದಾಟಿ ಲಡಾಖ್‌ನ ಲೇಹ್, ಹಾನ್ಲೆ ನೋಡಿ ಬರುವ ಆಸೆ. ಮೂರು ಲಕ್ಷ ತೆಗೆದಿಟ್ಟಿದ್ದೀರಿ. ಪಟ್ಟಿಯಲ್ಲಿ ಎರಡು ಇಂಚಿನ ಲಿಫ್ಟ್ (ಗಾಡಿಯನ್ನು ಅಷ್ಟು ಎತ್ತರಿಸೋದು), 235/75 ಟೈರ್, ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಕೇಬಲ್ ಸುತ್ತಿ ಎಳೆಯುವ ಯಂತ್ರ), ಸ್ನಾರ್ಕೆಲ್ (ನೀರು ದಾಟುವಾಗ ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಪೈಪು), ರೂಫ್ ಟೆಂಟ್ ಇವೆ. ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಮ್ಮ ಬಳಗದಲ್ಲಿ ಜಿಮ್ನಿ, ಥಾರ್, ಗೂರ್ಖಾ ಮೂರೂ ಇವೆ. ಆ ಕಡೆ ಓಡಿಸಿ ಬಂದವರನ್ನೆಲ್ಲ ವಿಚಾರಿಸಿ, ನನ್ನದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಆರ್‌ಸಿ ಕೈಗೆ ತಗೊಳ್ಳಿ. ಜಿಮ್ನಿಯ ಖಾಲಿ ತೂಕ ಸುಮಾರು 1,195 ಕೆಜಿ, ತುಂಬಿದಾಗ ಮೀರಬಾರದ ಒಟ್ಟು ತೂಕ 1,545 ಕೆಜಿ. ನಡುವೆ ಉಳಿಯೋದು 350 ಕೆಜಿ. ನೀವು ಮೂವರೇ ಇನ್ನೂರರ ಹತ್ತಿರ ಬರ್ತೀರಿ ಅಂದುಕೊಳ್ಳೋಣ. ಉಳಿದ ನೂರೈವತ್ತರಲ್ಲಿ ರೂಫ್ ಟೆಂಟ್ ಮತ್ತು ಅದನ್ನು ಹೊರುವ ರ‍್ಯಾಕ್ ಸೇರಿ ಎಂಬತ್ತು, ಬಂಪರ್ ಮತ್ತು ವಿಂಚ್ ಸೇರಿ ಎಪ್ಪತ್ತು. ಅಲ್ಲಿಗೆ ಲೆಕ್ಕ ಮುಗಿಯಿತು. ನೀರಿನ ಕ್ಯಾನ್, ಪೆಟ್ರೋಲ್ ಕ್ಯಾನ್, ಬಟ್ಟೆ, ಅಡುಗೆ ಸಾಮಾನು, ಟೂಲ್ ಬಾಕ್ಸ್ ಒಂದನ್ನೂ ಇನ್ನೂ ಹಾಕಿಲ್ಲ. ಥಾರ್‌ನವರಿಗೂ ಗೂರ್ಖಾದವರಿಗೂ ಸ್ವಲ್ಪ ಸಲೀಸು, ಜಿಮ್ನಿಯಲ್ಲಿ ಇದನ್ನು ಮರೆತರೆ ಬ್ರೇಕು, ಬೇರಿಂಗು, ಸ್ಪ್ರಿಂಗು ಎಲ್ಲದರ ಮೇಲೂ ಹೊರೆ ಬೀಳುತ್ತೆ. ಜಲ್ಲಿ ಲಾರಿಗಳು ಹೋಗುವ ವೇಬ್ರಿಡ್ಜ್‌ಗೆ ಹೋಗಿ, ಮೂವರೂ ಕೂತು, ಟ್ಯಾಂಕ್ ತುಂಬಿಸಿ ಒಮ್ಮೆ ತೂಗಿಸಿ. ಮುಂದಿನ ಗಾಲಿಗಳನ್ನು ಮಾತ್ರ ಹತ್ತಿಸಿ ಒಂದು ಚೀಟಿ, ಹಿಂದಿನವನ್ನು ಮಾತ್ರ ಹತ್ತಿಸಿ ಇನ್ನೊಂದು. ಸ್ಪ್ರಿಂಗ್ ಆರಿಸುವಾಗ ಆ ಎರಡು ಚೀಟಿಯೇ ನಿಮ್ಮ ಆಧಾರ.

ತೂಕದ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಇನ್ನೊಂದು ಕಾರಣ ಎತ್ತರ. ಜಿಮ್ನಿಯದು ಟರ್ಬೊ ಇಲ್ಲದ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್, 105 ಪಿಎಸ್. ಇಂಥ ಎಂಜಿನ್ ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಕುಂಜುಮ್ ಲಾ ನಾಲ್ಕೂವರೆ ಸಾವಿರ ಮೀಟರ್‌ಗಿಂತ ಮೇಲಿದೆ, ಹಾನ್ಲೆ ಊರು ಸಹ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಅಂದರೆ ಗಾಡಿ ಪೂರ್ತಿ ತುಂಬಿ, ಏರು ಕಡಿದಾಗಿ, ರಸ್ತೆ ಕೆಟ್ಟಿರುವ ಹೊತ್ತಿಗೇ ನಿಮ್ಮ ಕಾಲಡಿ 60 ಪಿಎಸ್ ಆಸುಪಾಸು ಮಾತ್ರ ಇರುತ್ತೆ. ನಮ್ಮ ಬಳಗದ ಡೀಸೆಲ್ ಥಾರ್‌ಗೆ ಟರ್ಬೊ ಇರೋದರಿಂದ ಇಷ್ಟು ಸೊರಗಲ್ಲ, ಅವರ ಅನುಭವ ನಿಮಗೆ ಹಾಗೇ ಹೊಂದಲ್ಲ. ಹೇರ್‌ಪಿನ್ ತಿರುವಿನಲ್ಲಿ ಗಾಡಿ ಉಸಿರು ಕಟ್ಟಿದಂತೆ ಆದರೆ ಕ್ಲಚ್ ಸುಡಬೇಡಿ, ನಿಲ್ಲಿಸಿ ಫೋರ್ ಲೋಗೆ ಹಾಕಿ, ಅಂದರೆ ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರಿಗೆ. ಜಿಮ್ನಿಯ ನಿಜವಾದ ಬಲ ಇರೋದೇ ಆ ಗೇರಿನಲ್ಲಿ, ಅದಕ್ಕೆ ನೀವು ಒಂದು ರೂಪಾಯಿಯೂ ಹಾಕಬೇಕಿಲ್ಲ. ಆದರೆ ಒಣ ಟಾರ್ ರಸ್ತೆಗೆ ಬಂದ ತಕ್ಷಣ ಟೂ ಹೈಗೆ (ಎರಡೇ ಗಾಲಿಗೆ ಬಲ) ತನ್ನಿ, ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇದರಲ್ಲಿ ಇಲ್ಲ.

ಈಗ ಟೈರು. ದುಡ್ಡು ಮೊದಲು ಹೋಗಬೇಕಾದ್ದು ಇಲ್ಲಿಗೇ. ಕಂಪೆನಿಯ ಅಳತೆ 195/80 ಆರ್15, ಎತ್ತರ ಸುಮಾರು 693 ಮಿ.ಮೀ. ನೀವು ಬರೆದಿರುವ 235/75 ಸುಮಾರು 733 ಮಿ.ಮೀ. ನೆಲದಿಂದ ಸಿಗೋ ಹೆಚ್ಚುವರಿ ಎತ್ತರ ಅದರ ಅರ್ಧ, ಎರಡು ಸೆಂಟಿಮೀಟರ್. ಅದಕ್ಕೆ ಕೊಡೋ ಬೆಲೆ ದೊಡ್ಡದು: ಗೇರಿಂಗ್ ಶೇ. 6ರಷ್ಟು ಉದ್ದವಾಗುತ್ತೆ, ಅಂದರೆ ಅದೇ ಗೇರಿನಲ್ಲಿ ಎಳೆತ ಅಷ್ಟು ಕಡಿಮೆ, ಮೊದಲೇ ಸೊರಗಿದ ಎಂಜಿನ್‌ಗೆ ಅದು ನೇರ ಪೆಟ್ಟು. ಸ್ಪೀಡೋಮೀಟರಿನ ಲೆಕ್ಕ ತಪ್ಪುತ್ತೆ, ಬ್ರೇಕ್ ಹಿಡಿಯಲು ಇನ್ನಷ್ಟು ದೂರ ಬೇಕು, 5.5 ಇಂಚಿನ ನಿಮ್ಮ ರಿಮ್ ಆ ಟೈರಿಗೆ ಕಿರಿದಾಗುತ್ತೆ, ಜೊತೆಗೆ ಸ್ಟೆಪ್ನಿಯ ಭಾರವೆಲ್ಲ ಹಿಂದಿನ ಬಾಗಿಲ ಕೀಲಿನ ಮೇಲೆ. 215/75 ಆರ್15 ಅಳತೆಯ ಒಳ್ಳೆ ಆಲ್ ಟೆರೇನ್ ಟೈರ್ ಹಾಕಿಸಿ, ಎತ್ತರದಲ್ಲಿ ವ್ಯತ್ಯಾಸ ಶೇ. 1.5 ಮಾತ್ರ. ಐದನ್ನೂ ಒಂದೇ ಥರ ತಗೊಳ್ಳಿ. ಕೆಸರಿನ ಮಡ್ ಟೆರೇನ್ ಬೇಡವೇ ಬೇಡ. ಬೆಂಗಳೂರಿಂದ ಮನಾಲಿವರೆಗೆ ಎರಡೂವರೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ಹೆದ್ದಾರಿ, ಅಷ್ಟು ದೂರ ಆ ಸದ್ದು ಕೇಳಿಕೊಂಡು ನಿಮ್ಮ ಮಗಳು ಕೂರಬೇಕಲ್ಲ.

ಟೈರಿಗಿಂತ ಗಾಳಿ ಮುಖ್ಯ ಅಂತ ನಮ್ಮ ಗೂರ್ಖಾ ಗೆಳೆಯ ಹೇಳ್ತಾನೆ, ನನಗೂ ಅದು ನಿಜ ಅನಿಸಿದೆ. ಕುಂಜುಮ್ ದಾಟಿದ ಮೇಲೆ ಸಿಗುವ ಬಟಾಲ್ ಮತ್ತು ಛತ್ರು ನಡುವಿನ ಗುಂಡುಕಲ್ಲಿನ ದಾರಿಯಲ್ಲಿ ನಾಲ್ಕಾರು ಪಿಎಸ್‌ಐ ಇಳಿಸಿದರೆ ಗಾಡಿಯ ನಡತೆಯೇ ಬದಲಾಗುತ್ತೆ, ಬೆನ್ನಿಗೂ ನೆಮ್ಮದಿ. ಲಡಾಖ್‌ನ ಹುಂಡರ್‌ನಂಥ ಮರಳಿಗೆ 16ರಿಂದ 18ಕ್ಕೆ ಇಳಿಸಿ. ಟಾರ್ ಸಿಕ್ಕಲ್ಲೇ ವಾಪಸ್ ತುಂಬಿಸಬೇಕು, ಹಾಗಾಗಿ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಆಟಿಕೆ ಬೇಡ, ನೇರ ಬ್ಯಾಟರಿಗೆ ಕಚ್ಚಿಸುವ ಕಂಪ್ರೆಸರ್ ತಗೊಳ್ಳಿ. ಇನ್ನೊಂದು ವಿಷಯ ತುಂಬ ಜನ ಗಮನಿಸಲ್ಲ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯೋದರಿಂದ ಬೆಂಗಳೂರಲ್ಲಿ ಹೊಡೆಸಿದ ಗಾಳಿ ಐದು ಸಾವಿರ ಮೀಟರ್‌ನಲ್ಲಿ ಗೇಜ್‌ನಲ್ಲಿ ಐದು ಪಿಎಸ್‌ಐ ಜಾಸ್ತಿ ತೋರಿಸಬಹುದು. ಚಳಿ ಅದರಲ್ಲಿ ಒಂದು ಪಾಲು ಕಳೆಯುತ್ತೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಒಮ್ಮೆ ನೋಡಿ. ಇಳಿದು ಬಂದ ಮೇಲೂ ನೋಡಿ, ಆಗ ಅಷ್ಟೇ ಕಡಿಮೆ ತೋರಿಸುತ್ತೆ.

ಸಸ್ಪೆನ್ಷನ್ ವಿಷಯದಲ್ಲಿ "ಎಷ್ಟು ಇಂಚು" ಅನ್ನೋ ಪ್ರಶ್ನೆ ಬಿಟ್ಟು "ಎಷ್ಟು ಕೆಜಿ" ಅಂತ ಕೇಳಿ. ಸದಾ ಐವತ್ತು ಕೆಜಿ ಹೆಚ್ಚುವರಿ ಹೊರುವ ಗಾಡಿಗೆ ಬೇರೆ ಸ್ಪ್ರಿಂಗು, ನೂರೈವತ್ತು ಹೊರುವುದಕ್ಕೆ ಬೇರೆ. ಸರಿಯಾದ ಸ್ಪ್ರಿಂಗ್ ಹಾಕಿದರೆ ಹಿಂಭಾಗ ಕುಸಿಯೋದು ನಿಲ್ಲುತ್ತೆ, ಒಂದು ಇಂಚಿನಷ್ಟು ಎತ್ತರ ತಾನಾಗೇ ಬರುತ್ತೆ. ಜಿಮ್ನಿಯ ಮುಂದೆಯೂ ಹಿಂದೆಯೂ ಎಡ-ಬಲ ಗಾಲಿಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್. ಹೆಚ್ಚು ಎತ್ತಿದರೆ ಮುಂದಿನ ಕ್ಯಾಸ್ಟರ್ ಕೋನ (ಗಾಲಿಯನ್ನು ನೇರ ಓಡಿಸುವ ಸ್ಟೇರಿಂಗ್ ಓರೆ) ಕಡಿಮೆಯಾಗಿ, ನೂರರ ವೇಗದಲ್ಲಿ ಸ್ಟೇರಿಂಗ್ ಅಲೆದಾಡುತ್ತೆ. ಲಿಫ್ಟ್ ಮಾಡಿಸಿಯೇ ತೀರುತ್ತೀರಾದರೆ ಕ್ಯಾಸ್ಟರ್ ಸರಿಪಡಿಸುವ ಬುಶ್, ಉದ್ದದ ಬ್ರೇಕ್ ಹೋಸ್ ಎರಡನ್ನೂ ಅದರೊಟ್ಟಿಗೇ ಹಾಕಿಸಿ, ಆಮೇಲೆ ನೋಡೋಣ ಅನ್ನಬೇಡಿ. ಥಾರ್‌ನ ಮುಂಭಾಗದ ರಚನೆ ಬೇರೆ, ಅಲ್ಲಿ ಪೆಟ್ಟು ಬೀಳೋದು ಡ್ರೈವ್ ಶಾಫ್ಟಿಗೆ. ನಮ್ಮ ಗೆಳೆಯರೊಬ್ಬರಿಗೆ ಒಂದು ವರ್ಕ್‌ಶಾಪ್‌ನವರು ಸ್ಪ್ರಿಂಗಿಗೆ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಇಟ್ಟು ಎತ್ತಿಕೊಟ್ಟರು, ಕಿನ್ನೌರ್ ಮುಟ್ಟುವಷ್ಟರಲ್ಲಿ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ಚಕ್ರದ ಒಳಗೋಡೆಗೆ ಮೆತ್ತಿಕೊಂಡಿತ್ತು. ಶಾಕ್ ಅಬ್ಸಾರ್ಬರ್ ಮಾತ್ರ ಒಳ್ಳೆಯದನ್ನೇ ಹಾಕಿಸಿ. ಅಲ್ಲಿಯ ಅಲೆಅಲೆ ಮಣ್ಣುದಾರಿಯಲ್ಲಿ ಗಂಟೆಗಟ್ಟಲೆ ಕುಣಿದು ಒಳಗಿನ ಎಣ್ಣೆ ಕಾದರೆ ಅಗ್ಗದ ಶಾಕ್ ತನ್ನ ಕೆಲಸವನ್ನೇ ಬಿಟ್ಟುಬಿಡುತ್ತೆ.

ವಿಂಚ್ ಬೇಡ. ಮಲೆನಾಡಿನ ಎಸ್ಟೇಟ್ ದಾರಿಯಲ್ಲಿ ಸಿಕ್ಕಿಕೊಂಡರೆ ಕೇಬಲ್ ಸುತ್ತಲು ಹತ್ತು ಹೆಜ್ಜೆಗೊಂದು ಮರ ಸಿಗುತ್ತೆ. ಸ್ಪಿತಿಯಲ್ಲಿ, ಹಾನ್ಲೆಯ ಬಯಲಲ್ಲಿ ಯಾವುದಕ್ಕೆ ಕಟ್ಟುತ್ತೀರಿ? ಅಲ್ಲಿ ನಿಮ್ಮನ್ನು ಎಳೆಯೋದು ಇನ್ನೊಂದು ಗಾಡಿ. ಅದಕ್ಕೆ ಹಿಗ್ಗಿ ಕುಗ್ಗುವ ಕೈನೆಟಿಕ್ ಹಗ್ಗ, ಎರಡು ಸಾಫ್ಟ್ ಶ್ಯಾಕಲ್ (ಹಗ್ಗದಿಂದ ಮಾಡಿದ ಕೊಂಡಿ), ಹೂತ ಗಾಲಿಯಡಿ ಇಡುವ ಎರಡು ಟ್ರ್ಯಾಕ್ಷನ್ ಬೋರ್ಡ್, ಮಡಚುವ ಸಲಿಕೆ ಸಾಕು. ಮುಂದೆಯೂ ಹಿಂದೆಯೂ ಚಾಸಿಸ್‌ಗೆ ಬೋಲ್ಟ್ ಮಾಡಿದ, ಎಳೆತಕ್ಕೆಂದೇ ಮಾಡಿದ ಕೊಂಡಿ ಇರಲಿ. ಟ್ರೇಲರ್ ಕಟ್ಟುವ ಗುಂಡನೆಯ ಟೋ ಬಾಲ್‌ಗೆ ಎಂದೂ ಹಗ್ಗ ಹಾಕಬೇಡಿ. ಅದು ಮುರಿದು ಹಾರಿದರೆ ಗಾಜು ತೂರಿ ಒಳಗಿರುವವರ ಜೀವ ತೆಗೆಯುತ್ತೆ. ಎಳೆಯುವಾಗ ಮಗಳು ಮತ್ತು ಮನೆಯವರು ಹಗ್ಗದ ಉದ್ದದ ಎರಡರಷ್ಟು ದೂರ, ಪಕ್ಕಕ್ಕೆ ನಿಲ್ಲಲಿ.

ಸ್ನಾರ್ಕೆಲ್ ಬದಲು ಅಲಾರಂ ಇಟ್ಟುಕೊಳ್ಳಿ ಅಂತೀನಿ. ಅಲ್ಲಿಯ ನಾಲಾಗಳಲ್ಲಿ ಹರಿಯೋದು ಹಿಮ ಕರಗಿದ ನೀರು. ಬೆಳಿಗ್ಗೆ ಮೊಣಕಾಲಿಗೂ ಬರದ ನೀರು ಬಿಸಿಲೇರಿದ ಮೇಲೆ ಬಾನೆಟ್ ಹತ್ತಿರ ಬರಬಹುದು. ಬೆಳಕು ಹರಿಯುತ್ತಲೇ ಹೊರಟರೆ ಅರ್ಧ ಕಷ್ಟ ಕಳೆಯಿತು. ಸ್ನಾರ್ಕೆಲ್ ಹಾಕಿದರೂ ಆಕ್ಸಲ್‌ನ ಬ್ರೀದರ್ (ಒಳಗಿನ ಗಾಳಿ ಆಡುವ ಕಿಂಡಿ) ಕೆಳಗೇ ಇದ್ದರೆ, ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ಕ್ಷಣವೇ ನೀರನ್ನು ಒಳಗೆ ಹೀರಿಕೊಳ್ಳುತ್ತೆ. ಬ್ರೀದರ್ ಪೈಪನ್ನು ಎತ್ತರಕ್ಕೆ ಎಳೆಸಿ, ಖರ್ಚು ಬಹಳ ಕಡಿಮೆ.

ರೂಫ್ ಟೆಂಟ್ ಆಸೆ ನನಗೆ ಅರ್ಥವಾಗುತ್ತೆ, ಆದರೆ ಇಷ್ಟು ಕಿರಿದಾದ ಗಾಡಿಯ ತಲೆಯ ಮೇಲೆ ಅಷ್ಟು ಭಾರ ಸರಿಯಲ್ಲ. ಸ್ಪಿತಿಯ ಕಾಜಾ, ಲೋಸರ್, ಆಮೇಲೆ ಹಾನ್ಲೆ ಎಲ್ಲ ಕಡೆ ಹೋಮ್‌ಸ್ಟೇ ಇವೆ, ಬಿಸಿ ಥುಕ್ಪಾ (ನೂಡಲ್ಸ್ ಸೂಪು) ಕೊಟ್ಟು ಕಂಬಳಿ ಹೊದಿಸ್ತಾರೆ. ಅಷ್ಟು ಎತ್ತರದಲ್ಲಿ ಮಗುವಿಗೆ ರಾತ್ರಿ ತಲೆನೋವು ಬಂದರೆ ಪಕ್ಕದಲ್ಲಿ ಮನುಷ್ಯರಿರೋದು ದೊಡ್ಡ ಧೈರ್ಯ. ತುರ್ತಿಗೆ ನೆಲದ ಮೇಲೆ ಹಾಕುವ ಹಗುರ ಟೆಂಟ್ ಒಂದಿದ್ದರೆ ಆಯಿತು.

ಪೆಟ್ರೋಲ್ ಟ್ಯಾಂಕ್ 40 ಲೀಟರ್. ಮನಾಲಿ-ಲೇಹ್ ದಾರಿಯ ತಾಂಡಿ ಬಂಕಿನಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ಅಂತ ಹಾಕಿದ್ದ ಬೋರ್ಡು ಹೆಸರುವಾಸಿ. ಬೆಟ್ಟದಲ್ಲಿ ಲೀಟರ್‌ಗೆ ಹತ್ತು-ಹನ್ನೊಂದು ಅಂತ ಹಿಡಿದರೆ ಟ್ಯಾಂಕ್ ಬರೀ ಮುಟ್ಟಿಸುತ್ತೆ, ಸುತ್ತು ಹೋಗಲು ಉಳಿಯಲ್ಲ. ಒಂದು ಹತ್ತು ಲೀಟರಿನ ಲೋಹದ ಜೆರ‍್ರಿ ಕ್ಯಾನ್ ಇರಲಿ, ಸೀಟಿನ ಹತ್ತಿರ ಅಲ್ಲ, ಹೊರಗೆ ಬಿಗಿದು. ಕಾಜಾದಲ್ಲಿ ಮರೆಯದೆ ಟ್ಯಾಂಕ್ ಭರ್ತಿ ಮಾಡಿಸಿ.

ಕಾನೂನಿನ ಮಾತು ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಿದೆ. ಬುಲ್ ಬಾರ್ (ಬಂಪರ್ ಮುಂದೆ ಹಾಕಿಸುವ ಕಬ್ಬಿಣದ ಸರಳು) ಕೂಡದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಕಬ್ಬಿಣದ ಬಂಪರ್ ಎದುರು ನನ್ನ ನಿಜವಾದ ತಕರಾರು ಏರ್‌ಬ್ಯಾಗ್. ಡಿಕ್ಕಿಯ ಪೆಟ್ಟು ಸೆನ್ಸರ್‌ಗೆ ತಲುಪುವ ರೀತಿಯೇ ಅದರಿಂದ ಬದಲಾಗುತ್ತೆ. ಏನೇ ಹಾಕಿಸಿದರೂ ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ.

ವೈರಿಂಗ್ ಕತ್ತರಿಸಲು ಯಾರಿಗೂ ಬಿಡಬೇಡಿ. ಫ್ರಿಜ್ಜು, ಎರಡನೇ ಬ್ಯಾಟರಿ ನಿಮಗೆ ಬೇಕಿಲ್ಲ. ಹಾಕಿಯೇ ಹಾಕ್ತೀನಿ ಅಂದರೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜ್ ಮಾಡಬಾರದು ಅನ್ನೋದು ಗೊತ್ತಿರಲಿ.

ಮೂರು ಲಕ್ಷದಲ್ಲಿ ದೊಡ್ಡ ಪಾಲು ಉಳಿಯುತ್ತೆ. ಅದರಲ್ಲಿ ಕ್ಲಚ್, ಬ್ರೇಕ್ ಪ್ಯಾಡ್, ಬೆಲ್ಟ್, ಕೂಲಂಟ್, ಬ್ಯಾಟರಿ ತಪಾಸಣೆ ಮಾಡಿಸಿ. ಸ್ಪ್ರಿಂಗು, ಟೈರು ಹಾಕಿಸಿದ ಮೇಲೆ ಹೊರಡುವ ಒಂದು ತಿಂಗಳ ಮುಂಚೆ ಎಲ್ಲ ಸಾಮಾನು ತುಂಬಿಕೊಂಡು ಸಕಲೇಶಪುರ ಕಡೆ ಎರಡು ದಿನ ಹೋಗಿ ಬನ್ನಿ. ಕಾಡಿನೊಳಗೆ ಬೇಡ, ಅದು ಅಪರಾಧ. ಪರಿಚಯದವರ ತೋಟದ ದಾರಿ ಕೇಳಿಕೊಳ್ಳಿ. 500 ಕಿಲೋಮೀಟರ್ ಆದ ಮೇಲೆ ಸಸ್ಪೆನ್ಷನ್ ಬೋಲ್ಟ್‌ಗಳನ್ನೆಲ್ಲ ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿಸಿ, ಒಂದೊಂದರ ಮೇಲೂ ಪೇಂಟಿನ ಗೆರೆ ಎಳೆದಿಡಿ. ಕಾಜಾದಲ್ಲಿ ಬಗ್ಗಿ ನೋಡಿದಾಗ ಗೆರೆ ಸರಿದಿದ್ದರೆ ಯಾವ ಬೋಲ್ಟ್ ಸಡಿಲವಾಗಿದೆ ಅಂತ ಕಣ್ಣಿಗೇ ಕಾಣುತ್ತೆ.