ವಿಲ್ಲಿಸ್ ಜೀಪಿನ ಮುರಿದ ಹಾಫ್ ಶಾಫ್ಟ್: ಗುರುತಿಸುವುದು ಹೇಗೆ, ಬೆಸುಗೆ ಹಾಕಬಹುದೇ?

ಪ್ರಶ್ನೆ:
ಸೇನೆಯಿಂದ ವಿಲೇವಾರಿಯಾದ, ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಎಂಬಿ ಜೀಪೊಂದನ್ನು ಮೂಲ ಸ್ಥಿತಿಗೆ ತರುತ್ತಿದ್ದೇನೆ. ಅದರ ಹಿಂಬದಿಯ ಎಡ ಹಾಫ್ ಶಾಫ್ಟ್ (ಚಕ್ರವನ್ನು ತಿರುಗಿಸುವ ದಂಡ) ಒಳತುದಿಯಲ್ಲಿ, ಸ್ಪ್ಲೈನ್ (ಗೇರಿನೊಳಗೆ ಕೂರುವ ಉದ್ದುದ್ದ ಹಲ್ಲುಗಳು) ಮುಗಿಯುವ ಜಾಗದಲ್ಲಿ ಮುರಿದಿದ್ದು, ತುಂಡು ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್‌ನಲ್ಲೇ ಉಳಿದಿದೆ. ನೋಡಲು ಅದರಂತೆಯೇ ಇರುವ ಹಳೆಯ ಶಾಫ್ಟೊಂದು ಸಿಕ್ಕಿದೆ. ಅದು ಈ ಆಕ್ಸಲ್‌ಗೆ ಸೇರಿದ್ದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಅಥವಾ ಮುರಿದದ್ದನ್ನೇ ಬೆಸುಗೆ ಹಾಕಿಸಿ ಬಳಸಬಹುದೇ?

ಉತ್ತರ 1:
ಎಂಬಿಯ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಬಗೆಯದು. ವಾಹನದ ಭಾರವನ್ನು ಚಕ್ರದ ನಡುವಿನ ಹಬ್‌ನ ಬೇರಿಂಗುಗಳು ಹೊರುತ್ತವೆ, ಶಾಫ್ಟ್ ಚಕ್ರವನ್ನು ತಿರುಗಿಸುವುದಷ್ಟನ್ನೇ ಮಾಡುತ್ತದೆ. ಹಾಗಾಗಿ ಶಾಫ್ಟಿನ ಹೊರತುದಿಯಲ್ಲಿ ತಟ್ಟೆಯಂತಿರುವ ಫ್ಲಾಂಜಿನ ಬೋಲ್ಟುಗಳನ್ನು ಬಿಚ್ಚಿದರೆ ಚಕ್ರವನ್ನು ಕಳಚದೆಯೇ ಅದನ್ನು ಹೊರಗೆಳೆಯಬಹುದು. ಯುದ್ಧದ ನಂತರ ಬಂದ ನಾಗರಿಕ ಸಿಜೆ ಜೀಪುಗಳಲ್ಲಿ ಕ್ರಮೇಣ, ಶಾಫ್ಟೇ ಭಾರವನ್ನೂ ಹೊರುವ ಸೆಮಿ ಫ್ಲೋಟಿಂಗ್ ಆಕ್ಸಲ್ ಬಳಕೆಗೆ ಬಂತು. ನಿಮಗೆ ಸಿಕ್ಕ ಶಾಫ್ಟಿನ ಹೊರತುದಿಯಲ್ಲಿ ಫ್ಲಾಂಜ್ ಇಲ್ಲದೆ, ತುದಿ ಶಂಕುವಿನಂತೆ ಕಿರಿದಾಗಿದ್ದರೆ, ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಫ್ಲಾಂಜ್ ಇದ್ದರೆ ಅಳತೆಗೆ ಇಳಿಯಿರಿ: ಸ್ಪ್ಲೈನ್ ಹಲ್ಲುಗಳ ಸಂಖ್ಯೆ, ಅವುಗಳ ಹೊರವ್ಯಾಸ, ಫ್ಲಾಂಜಿನ ಒಳಮುಖದಿಂದ ತುದಿಯವರೆಗಿನ ಉದ್ದ, ಬೋಲ್ಟ್ ರಂಧ್ರಗಳ ವೃತ್ತದ ವ್ಯಾಸ. ಈ ಜೀಪಿನ ಡಿಫರೆನ್ಷಿಯಲ್ ಬಲಕ್ಕೆ ಸರಿದಿರುವುದರಿಂದ ಎಡ ಶಾಫ್ಟ್ ಉದ್ದ, ಬಲದ್ದು ಗಿಡ್ಡ. ಶಾಫ್ಟಿನ ಮೇಲೆ ಫೋರ್ಡ್ ಕಂಪನಿಯ ‘ಎಫ್’ ಅಚ್ಚು ಕಂಡರೆ ಗಾಬರಿಯಾಗಬೇಡಿ, ಏಕೆಂದರೆ ಫೋರ್ಡ್ ಜಿಪಿಡಬ್ಲ್ಯೂ ಮತ್ತು ವಿಲ್ಲಿಸ್ ಎಂಬಿ ಒಂದೇ ವಿನ್ಯಾಸದ ವಾಹನಗಳು. ಮುಂದಿನ ಶಾಫ್ಟುಗಳ ವಿಷಯವೇ ಬೇರೆ: ಅವುಗಳಲ್ಲಿ ಬೆಂಡಿಕ್ಸ್, ರ್ಜೆಪ್ಪಾ, ಟ್ರಾಕ್ಟಾ, ಸ್ಪೈಸರ್ ಎಂಬ ನಾಲ್ಕು ಬಗೆಯ ಕೀಲುಗಳು ಬಳಕೆಯಾಗಿದ್ದವು.

ಉತ್ತರ 2:
ಬೆಸುಗೆ ಬೇಡವೇ ಬೇಡ. ಶಾಫ್ಟಿನ ಬಲದ ದೊಡ್ಡ ಪಾಲು ಉಷ್ಣೋಪಚಾರದಿಂದ (ಕಾಯಿಸಿ ತಣಿಸಿ ಗಟ್ಟಿಮಾಡುವ ಕ್ರಮದಿಂದ) ಬಂದದ್ದು. ಬೆಸುಗೆಯ ಬಿಸಿ ಅದನ್ನು ಕೆಡಿಸಿ, ಬೆಸುಗೆ ಬಿದ್ದ ಜಾಗದ ಪಕ್ಕದಲ್ಲೇ ಒಂದು ಪೆಡಸು ಪಟ್ಟಿಯನ್ನು ಉಳಿಸುತ್ತದೆ, ಮುಂದಿನ ಬಿರುಕು ಹುಟ್ಟುವುದೂ ಅಲ್ಲಿಯೇ.

ಮುರಿದ ಮುಖವನ್ನು ತೊಳೆದು ಹಗಲಿನ ಬೆಳಕಿನಲ್ಲಿ ನೋಡಿ. ಒಂದು ಅಂಚಿನಿಂದ ಹಬ್ಬಿದ ನುಣುಪಾದ ಗೆರೆಗಳೂ ಉಳಿದ ಭಾಗದಲ್ಲಿ ಒರಟು ಮೇಲ್ಮೈಯೂ ಕಂಡರೆ, ಲೋಹ ಬಹುಕಾಲ ದಣಿದು ಕೊನೆಗೆ ಮುರಿದಿದೆ ಎಂದರ್ಥ. ಆಗ ಇನ್ನೊಂದು ಬದಿಯ ಶಾಫ್ಟನ್ನೂ ನಂಬಬಾರದು. ಸ್ಪ್ಲೈನ್ ಹಲ್ಲುಗಳು ಸುರುಳಿಯಂತೆ ತಿರುಚಿಕೊಂಡಿದ್ದರೆ ಅತಿಭಾರ ಬಿದ್ದಿರುವುದು ಖಚಿತ. ನಿಮಗೆ ಸಿಕ್ಕ ಶಾಫ್ಟಿಗೂ ಹಲ್ಲುಗಳ ಉದ್ದಕ್ಕೆ ನೇರಪಟ್ಟಿ ಇಟ್ಟು ಪರೀಕ್ಷಿಸಿ; ಸ್ವಲ್ಪ ತಿರುಚಿದ್ದರೂ ಅದು ಗುಜರಿಗೇ ಸರಿ. ನೇರವಾಗಿದ್ದರೆ ವಿ-ಬ್ಲಾಕುಗಳ (‘ವಿ’ ಆಕಾರದ ಆಸರೆಗಳ) ಮೇಲಿಟ್ಟು, ಸಣ್ಣ ಏರಿಳಿತವನ್ನು ತೋರುವ ಡಯಲ್ ಗೇಜಿನಿಂದ ಬಾಗನ್ನು ನೋಡಿ, ಬಳಿಕ ಕಾಂತೀಯ ಕಣಗಳ ವಿಧಾನದಿಂದ ಬಿರುಕಿನ ಪರೀಕ್ಷೆ ಮಾಡಿಸಿ.

ಪ್ರಶ್ನಿಸಿದವರು:
ಸಿಕ್ಕ ಶಾಫ್ಟಿನಲ್ಲಿ ಫ್ಲಾಂಜ್ ಇದೆ, ಹಲ್ಲುಗಳೂ ನೇರವಾಗಿವೆ. ಒಳಗಿನ ತುಂಡನ್ನು ತೆಗೆಯುವುದು ಹೇಗೆ?

ಉತ್ತರ 2:
ಉದ್ದನೆಯ ಆಯಸ್ಕಾಂತದಿಂದ ಎಳೆದು ನೋಡಿ. ಆ ತುಂಡು ಬಂದರೂ ಡಿಫರೆನ್ಷಿಯಲ್‌ನ ಮುಚ್ಚಳ ತೆಗೆಯುವುದನ್ನು ತಪ್ಪಿಸಬೇಡಿ. ಗೇರ್ ಆಯಿಲನ್ನು ಪೂರ್ತಿ ಇಳಿಸಿ, ಒಳಭಾಗವನ್ನು ತೊಳೆದು, ಪ್ರತಿ ಹಲ್ಲನ್ನೂ ಬೇರಿಂಗನ್ನೂ ಪರೀಕ್ಷಿಸಿ. ಉಕ್ಕಿನ ಒಂದು ಚೂರು ಹಲ್ಲುಗಳ ನಡುವೆ ಸಿಕ್ಕಿದರೂ ಹೊಸ ಶಾಫ್ಟಿನ ಜೊತೆಗೆ ಗೇರುಗಳನ್ನೂ ಕಳೆದುಕೊಳ್ಳುತ್ತೀರಿ.