ಸಹಾಯ ಬೇಕು: ಬಾವಿಯಲ್ಲಿ ಸಿಕ್ಕಿದ ಕಲ್ಲು ಗ್ರಾನೈಟಾ, ನೈಸಾ?

ನಮಸ್ಕಾರ. ನಮ್ಮ ಮನೆ ಉಡುಪಿ ಹತ್ತಿರದ ಹಿರಿಯಡಕದಲ್ಲಿ. ಬೇಸಿಗೆಯಲ್ಲಿ ಬಾವಿ ಆಳ ಮಾಡಿಸಿದೆವು. ಮುರಕಲ್ಲು, ಆಮೇಲೆ ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿ ಬಂಡೆ. ಅದರ ಒಂದು ತುಂಡು ಮಗಳ ಶಾಲೆಯ ಪ್ರಾಜೆಕ್ಟಿಗೆ ಬೇಕು, ಹೆಸರು ಬರೆದು ಅಂಟಿಸಬೇಕಂತೆ.

ತೊಳೆದು ಬಿಸಿಲಿಗೆ ಹಿಡಿದೆ. ಗಾಜಿನ ಚೂರಿನ ಹಾಗಿರುವ ಬೂದು ಕ್ವಾರ್ಟ್ಸ್, ನಸುಗೆಂಪು ಫೆಲ್ಡ್‌ಸ್ಪಾರ್, ನಡುವೆ ಉಗುರಿಗೆ ಪದರವಾಗಿ ಏಳುವ ಕಪ್ಪು ಅಭ್ರಕ. ಚೂರಿಯಿಂದ ಗೀರಿದರೆ ಬೂದು ಕಣಕ್ಕೆ ಏನೂ ಆಗಲಿಲ್ಲ, ಚೂರಿಯ ಕಬ್ಬಿಣವೇ ಅದಕ್ಕೆ ಅಂಟಿತು! ಲಿಂಬೆರಸಕ್ಕೆ ನೊರೆಯೂ ಬರಲಿಲ್ಲ. ಗ್ರಾನೈಟೇ ಅಂದುಕೊಂಡೆ. (ಅಡುಗೆಮನೆ ಕಟ್ಟೆಯ ಕಪ್ಪು ಕಲ್ಲಿಗೆ ಹೋಲಿಸಿ ಸೋತೆ. ಅಂಗಡಿಯವರಿಗೆ ಪಾಲಿಶ್ ಆಗುವ ಗಟ್ಟಿ ಕಲ್ಲೆಲ್ಲ ಗ್ರಾನೈಟೇ ಅಲ್ವಾ.)

ಸಿಕ್ಕಿಬಿದ್ದದ್ದು ಇಲ್ಲಿ. ಒಂದು ಬದಿಯಲ್ಲಿ ಅಭ್ರಕ ಗೆರೆಗೆರೆಯಾಗಿ ಸಾಲು ಹಿಡಿದಿದೆ. ಇನ್ನೊಂದು ಬದಿಯಲ್ಲಿ ಎಲ್ಲ ಕಣ ಸುಮ್ನೆ ಕಲಸಿದ ಹಾಗೆ. ಶಿಲಾಪಾಕ ನೆಲದಾಳದಲ್ಲಿ ನಿಧಾನವಾಗಿ ತಣಿದರೆ ಗ್ರಾನೈಟ್, ಅದೇ ಮತ್ತೆ ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಬಿದ್ದರೆ ನೈಸ್ ಅಂತ ಓದಿದ್ದೇನೆ. ನಮ್ಮ ಕಡೆ ನೈಸ್ ಜಾಸ್ತಿ ಬೇರೆ.

ಅಂಗೈಯಷ್ಟು ತುಂಡಿನಲ್ಲಿ ಅರ್ಧಕ್ಕೆ ಮಾತ್ರ ಗೆರೆ ಇದ್ದರೆ ಯಾವ ಹೆಸರು ಬರೆಯಬೇಕು? ಮನೆಯಲ್ಲೇ ಇನ್ನೇನು ನೋಡಿದರೆ ಖಚಿತವಾಗುತ್ತದೆ?